ಇಪ್ಪತ್ತೇಳು ಗಜ

ಅಂಗಡಿಯೊಳಗೆ ಕಾಲಿಟ್ಟು ಹತ್ತು ನಿಮಿಷವಾಗಿದ್ದರೂ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬುದೇ ಪ್ರಹ್ಲಾದನಿಗೆ ತೀರ್ಮಾನವಾಗಿರಲಿಲ್ಲ. ಡಲ್ಲಾಸ್ ಪಕ್ಕದ ಪ್ಲೇನೋದ ಮನೆಯಿಂದ ಇಲ್ಲಿಗೆ ಹನ್ನೆರಡೇ ನಿಮಿಷ. ಇಪ್ಪತ್ತೆರಡು ವರ್ಷದಲ್ಲಿ ಫ್ರೀವೇ ಮೇಲೆ ಹೋಗುತ್ತ ಬರುತ್ತ ಈ ಅಂಗಡಿಯ ಬೋರ್ಡನ್ನು ಸಾವಿರ ಸಲ ನೋಡಿದ್ದಾನೆ, ಒಳಗೆ ಬಂದದ್ದು ಇದೇ ಮೊದಲು. ನಡುವೆ ಸಿಮೆಂಟಿನ ಗುಡ್ಡ, ಗುಡ್ಡದ ತುಂಬ ಹೊಟ್ಟೆಗೆ ಹತ್ತಿ ತುಂಬಿಸಿಕೊಂಡ ಜಿಂಕೆಗಳು, ಗೋಡೆಯ ಮೇಲೆ ಕುತ್ತಿಗೆಯವರೆಗೆ ಮಾತ್ರ ಉಳಿದ ಇನ್ನಷ್ಟು ಜಿಂಕೆಗಳು. ಅವುಗಳ ಗಾಜಿನ ಕಣ್ಣು ತಪ್ಪಿಸಲು ತಿರುಗಿದರೆ ಬಿಲ್ಲುಗಳ ಸಾಲು, ಅದನ್ನು ತಪ್ಪಿಸಿದರೆ ಬ್ಲೇಡಿನಷ್ಟು ಹರಿತದ ಬಾಣದ ಮೊನೆಗಳು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಮೂರಾಗಿ. ಮೊಟ್ಟೆ ಹಾಕಿದ ಕೇಕನ್ನು ಕೂಡ ಐವತ್ತೊಂದು ವರ್ಷ ಬಾಯಿಗಿಡದ ಮನುಷ್ಯ, ನಾಲ್ಕಾಗಿ ಮಡಿಸಿದ ಎಕ್ಸೆಲ್ ಶೀಟೊಂದನ್ನು ಜೇಬಿನಲ್ಲಿಟ್ಟುಕೊಂಡು, ಜಿಂಕೆ ಹೊಡೆಯುವವರಿಗೆ ದೂರ ಅಳೆದು ಹೇಳುವ ಯಂತ್ರ ಕೊಳ್ಳಲು ಬಂದಿದ್ದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಆದರೂ ಎಲ್ಲರೂ ನೋಡುತ್ತಿದ್ದಾರೆಂದು ಕುತ್ತಿಗೆಯ ಹಿಂದೆ ಬೆವರು ಬರುತ್ತಿತ್ತು.

ಆ ಯಂತ್ರಕ್ಕೆ ರೇಂಜ್‌ಫೈಂಡರ್ ಎಂದು ಹೆಸರು. ಅಂಗೈಯಲ್ಲಿ ಹಿಡಿಸುವ ದುರ್ಬೀನು, ಕಣ್ಣಿಗಿಟ್ಟು ಗುಂಡಿ ಒತ್ತಿದರೆ ಎದುರಿನದು ಎಷ್ಟು ಗಜ ದೂರವೆಂದು ತೋರಿಸುತ್ತದೆ. ಮೂರು ವಾರದಿಂದ ಅವನು ಅದರ ಬೆನ್ನು ಹತ್ತಿದ್ದ. ಆಫೀಸಿನ ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಬೇಟೆಗಾರರ ಜಗಳಗಳನ್ನೆಲ್ಲ ಓದಿದ. ಇಪ್ಪತ್ತಾರು ವರ್ಷ ಬೇರೆಯವರ ಸಾಫ್ಟ್‌ವೇರಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ, ಹದಿನಾಲ್ಕು ಮಾಡೆಲ್ಲು, ಒಂಬತ್ತು ಕಾಲಮ್ಮು, ಒಂದೊಂದಕ್ಕೂ ಒಂದೊಂದು ತೂಕ. ಸಾವಿರ ಗಜ ಅಳೆಯುತ್ತೇನೆಂದು ಜಂಬ ಕೊಚ್ಚುವವು ಮೊದಲ ಸುತ್ತಿನಲ್ಲೇ ಬಿದ್ದವು, ಬಿಲ್ಲು ಹಿಡಿದವನಿಗೆ ನಲವತ್ತು ಗಜದಾಚೆಯ ಉಸಾಬರಿ ಬೇಡ. ಬೇಕಾದದ್ದು ಎರಡೇ. ಬೇಟೆಗಾರ ಮರದ ಮೇಲೆ ಕೂತಿರುತ್ತಾನೆ, ಜಿಂಕೆ ಕೆಳಗಿರುತ್ತದೆ. ಓರೆಯಾಗಿ ಅಳೆದ ದೂರ ಒಂದು, ಬಾಣದ ಲೆಕ್ಕಕ್ಕೆ ಬೇಕಾದ ನೆಲದ ದೂರ ಇನ್ನೊಂದು. ಒಳ್ಳೆಯ ಯಂತ್ರ ಈ ವ್ಯತ್ಯಾಸವನ್ನು ತಾನೇ ತಿದ್ದಿ ಹೇಳಬೇಕು. ಎರಡನೆಯದು, ನಡುವೆ ಎಲೆಯೋ ರೆಂಬೆಯೋ ಅಡ್ಡ ಬಂದರೆ ಅದನ್ನು ಬಿಟ್ಟು ಹಿಂದೆ ನಿಂತ ಪ್ರಾಣಿಯನ್ನು ಹಿಡಿಯಬೇಕು. ಇನ್ನು ಬೆಲೆ. ನಾನೂರು ಡಾಲರಿನದನ್ನು ಕೊಟ್ಟರೆ ಮಗ ಲಂಚವೆಂದುಕೊಳ್ಳುತ್ತಾನೆ, ಐವತ್ತರದನ್ನು ಕೊಟ್ಟರೆ ಭಿಕ್ಷೆಯೆಂದುಕೊಳ್ಳುತ್ತಾನೆ, ನೂರೈವತ್ತರ ಆಸುಪಾಸಿನದಾದರೆ ಕ್ಷಮೆ ಕೇಳಿದ ಹಾಗೆ ಕಂಡೀತು. ಕ್ಷಮೆಗೂ ಬಜೆಟ್ ಹಾಕುತ್ತ ಕೂತ ತನ್ನ ಬಗ್ಗೆ ಅವನಿಗೆ ಹೇಸಿಗೆಯಾಗಿತ್ತು. ಹಾಗಿದ್ದೂ ಆ ಬೆಲೆಯ ಕಾಲಮ್ಮಿಗೇ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದ.

ಮಗ ಆಶ್ರಿತ್‌ಗೆ ಇಪ್ಪತ್ತಮೂರು. ಆಸ್ಟಿನ್ ಪಕ್ಕದ ಟೇಲರ್‌ನಲ್ಲಿ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯೊಂದರಲ್ಲಿ ಟೆಕ್ನಿಷಿಯನ್. ಹನ್ನೊಂದೂವರೆ ತಿಂಗಳಿಂದ ಅವನು ಪ್ಲೇನೋದ ಮನೆಗೆ ಬಂದಿಲ್ಲ. ಅಪ್ಪನ ಮೆಸೇಜಿಗೆ ಒಂದು 'ಓಕೆ' ಬರುತ್ತದೆ, ಹಬ್ಬಕ್ಕೆ ಎರಡು ಕೈ ಮುಗಿದ ಚಿತ್ರ ಬರುತ್ತದೆ, ಅಷ್ಟೇ. ಅಮ್ಮನ ಹತ್ತಿರ ಮಾತ್ರ ವಾರಕ್ಕೆರಡು ಸಲ ಮಾತಾಡುತ್ತಾನೆ. ಅವರು ಮಾತಾಡುವಾಗ ಪ್ರಹ್ಲಾದ ಪಕ್ಕದ ಕೋಣೆಯಲ್ಲಿ ಟೀವಿಯ ಸದ್ದು ತಗ್ಗಿಸಿ ಕೂತಿರುತ್ತಾನೆ, ಏನು ಮಾತಾಡಿದನೆಂದು ಕೇಳಲು ಬಾಯಿ ಬರುವುದಿಲ್ಲ. ಹೋದ ತಿಂಗಳು ಒಂದು ಸಂಜೆ ಹೆಂಡತಿ ಅನಸೂಯ ತಾನಾಗಿಯೇ, ಹುರುಳಿಕಾಯಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು.

"ಹೋದ ವರ್ಷ ಮಾವನವರ ತಿಥಿ ಹಿಂದಿನ ದಿನ ಅವನು ಹೊಡೆದ ಜಿಂಕೆ ಸಿಗ್ಲೇ ಇಲ್ವಂತೆ ಕಣ್ರೀ. ಇಪ್ಪತ್ತು ಗಜ ಅಂದ್ಕೊಂಡು ಬಾಣ ಬಿಟ್ಟಿದಾನೆ, ಅದು ಕೆಳಗೆ ಹೋಗಿ ಹೊಟ್ಟೆಗೆ ತಗಲಿದೆ. ಹಾಗೇ ಓಡಿಹೋಯ್ತಂತೆ. ರಕ್ತ ಬಿದ್ದಿದ್ದು ನೋಡ್ಕೊಂಡು ಐದು ಗಂಟೆ ಹುಡುಕಿದಾನೆ. ವಾಪಸ್ ಬಂದು ಹೆಜ್ಜೆ ಹಾಕಿ ಎಣಿಸಿದ್ರೆ ಇಪ್ಪತ್ತೇಳಂತೆ. ಎಲ್ಲೋ ನರಳಿ ನರಳಿ ಸತ್ತಿರುತ್ತೆ ಅಮ್ಮ, ನನ್ನಿಂದ ಅಂತಾನೆ. ಅದನ್ನ ಹೇಳ್ಕೊಳ್ಳೋಕ್ಕೆ ಅಂತ ನಿಮ್ಮ ಹತ್ರ ಬಂದಿದ್ನಂತೆ ಅವತ್ತು."

ಅವತ್ತು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಮೊಣಕಾಲಿನವರೆಗೆ ಕೆಸರು. ಒಲೆಯ ಮೇಲೆ ಮರುದಿನದ ಎಳ್ಳುಂಡೆಗೆ ಎಳ್ಳು ಹುರಿಯುವ ವಾಸನೆ. "ಅಪ್ಪ, ಐ ಶಾಟ್ ಎ ಡಿಯರ್," ಅಂದ. ಮುಂದೆ ಇನ್ನೊಂದು ವಾಕ್ಯವಿತ್ತೆಂದು ಪ್ರಹ್ಲಾದನಿಗೆ ಈಗ ಗೊತ್ತು. ಬಾಯಿ ತೆರೆದೇ ಇತ್ತು ಹುಡುಗನದು, ಕಣ್ಣು ಕೆಂಪಾಗಿತ್ತು. ಕೆಂಪನ್ನು ಪ್ರಹ್ಲಾದ ಮದವೆಂದುಕೊಂಡ, ಜಂಬ ಕೊಚ್ಚಲು ಬಂದಿದ್ದಾನೆಂದುಕೊಂಡ. "ನಾಳೆ ತಾತನ ತಿಥಿ ಇಟ್ಕೊಂಡು ಕಟುಕನ ಕೆಲಸ ಮಾಡಿ ಬಂದಿದೀಯಲ್ಲೋ," ಅಂದ. "ಆ ಕೈಯಿಂದ ನಮ್ಮಪ್ಪನಿಗೆ ಎಳ್ಳು ನೀರು ಬೇಕಾಗಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾತ ಅವರ ಮನೆಯಲ್ಲೇ, ಇದೇ ಪ್ಲೇನೋದಲ್ಲೇ, ಹನ್ನೆರಡು ವರ್ಷ ಇದ್ದು ಹೋದವರು. ಆಶ್ರಿತ್ ಕನ್ನಡ ಆಡುತ್ತಿದ್ದುದು ಅವರೊಬ್ಬರ ಹತ್ತಿರ, ಅವರ ಉಗುರು ಕತ್ತರಿಸುತ್ತಿದ್ದವನು ಅವನೇ. ಮಾರನೆಯ ದಿನ ವೈದಿಕಕ್ಕೆ ಬಂದ ಬದರಿನಾಥ ಶಾಸ್ತ್ರಿಗಳು, "ಮೊಮ್ಮಗ ಎಲ್ಲಿ? ಬರಲಿ, ಅವನೂ ಒಂದು ಎಳ್ಳು ನೀರು ಬಿಡಲಿ," ಎಂದು ಕರೆದರು. ಶಾಸ್ತ್ರಿಗಳಿಗೆ ಏನೂ ಗೊತ್ತಿರಲಿಲ್ಲ, ಅವರು ಏನನ್ನೂ ಕೇಳಿರಲೂ ಇಲ್ಲ. "ಅವನಿಗೆ ಕೆಟ್ಟ ನೆಗಡಿ, ಜ್ವರ ಬೇರೆ, ಯಾರಿಗೂ ಅಂಟೋದು ಬೇಡ ಅಂತ ದೂರ ಇಟ್ಟಿದೀವಿ," ಎಂದು ಮಡಿಪಂಚೆಯುಟ್ಟು, ಕೈಗೆ ಪವಿತ್ರ ತೊಟ್ಟು ಕೂತಲ್ಲೇ ಪ್ರಹ್ಲಾದ ಸುಳ್ಳು ಹೇಳಿದ. ಹಾಲ್‌ನಲ್ಲಿ ಬ್ರಾಹ್ಮಣರಿಗೆ ಎಲೆ ಬಿತ್ತು. ಆಶ್ರಿತ್‌ಗೆ ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಮೆಷಿನ್ನಿಗೂ ಕಸದ ಡಬ್ಬಿಗೂ ನಡುವೆ ಮಡಿಸುವ ಕುರ್ಚಿ ಹಾಕಿ, ಪೇಪರ್ ಪ್ಲೇಟಿನಲ್ಲಿ ಬಡಿಸಲಾಯಿತು. ಊಟದ ಮಧ್ಯೆ ಪ್ರಹ್ಲಾದ ಬಾಗಿಲು ಸ್ವಲ್ಪ ತೆಗೆದು ನೋಡಿದ. ಹುಡುಗ ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು, ತಾತ ಕಲಿಸಿದ ಹಾಗೆ, ಪೇಪರ್ ಪ್ಲೇಟಿನ ಸುತ್ತ ನೀರು ಕಟ್ಟುತ್ತಿದ್ದ. ಒಂದಗುಳು ಬಿಡದೆ ಉಂಡು, ಕುರ್ಚಿ ಮಡಿಸಿ ಗೋಡೆಗೆ ಒರಗಿಸಿ, ಕಾರು ಹತ್ತಿ ಹೋದ.

"ಸಹಾಯ ಬೇಕಾ?" ಎಂದು ಇಂಗ್ಲಿಷಿನಲ್ಲಿ ಯಾರೋ ಕೇಳಿದರು. ಬಿಳಿಗಡ್ಡದ ಸೇಲ್ಸ್‌ಮನ್, ಎದೆಯ ಮೇಲೆ ವೇಡ್ ಎಂಬ ಹೆಸರಿನ ಪಟ್ಟಿ. ಪ್ರಹ್ಲಾದ ಶೀಟು ಬಿಚ್ಚಿ ತೋರಿಸಿದ. ಮುದುಕ ಕನ್ನಡಕ ಏರಿಸಿ ಹದಿನಾಲ್ಕು ಸಾಲನ್ನೂ ಓದಿದ. ನಗುತ್ತಾನೆಂದು ಪ್ರಹ್ಲಾದ ಕಾದ, ಅವನು ನಗಲಿಲ್ಲ. ಗಾಜಿನ ಕಪಾಟು ತೆಗೆದು, ಶೀಟಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಹಸಿರು ಯಂತ್ರವನ್ನೇ ಕೈಗಿಟ್ಟ. ನೂರ ಐವತ್ತೊಂಬತ್ತು ಡಾಲರು. ಪ್ರಹ್ಲಾದ ಅದನ್ನು ಕಣ್ಣಿಗಿಟ್ಟು ಗುಡ್ಡದ ಮೇಲಿನ ಜಿಂಕೆಯೊಂದಕ್ಕೆ ಹಿಡಿದ. ನಡುವೆ ಪ್ಲಾಸ್ಟಿಕ್ ಗಿಡವೊಂದು ಅಡ್ಡವಿತ್ತು, ಗಿಡವನ್ನು ಬಿಟ್ಟು ಹಿಂದಿನ ಜಿಂಕೆಯ ಭುಜದ ಮೇಲೆ ಕೆಂಪಕ್ಷರದಲ್ಲಿ ಇಪ್ಪತ್ತಮೂರು ಎಂದು ಬಂತು. ಬೆಳಗಿನ ಜಾವದ ಅರೆಗತ್ತಲಲ್ಲಿ ಕಪ್ಪಕ್ಷರ ಕಾಣುವುದಿಲ್ಲ, ಅದಕ್ಕೇ ಕೆಂಪು ಎಂದ ವೇಡ್. ಸದ್ದೂ ಮಾಡುವುದಿಲ್ಲ. ಯಾರಿಗೆ, ನಿನಗೋ ಎಂದು ಕೇಳಿದ. ನನ್ನ ಮಗನಿಗೆ, ಅವನು ಬಿಲ್ಲಿನಲ್ಲಿ ಜಿಂಕೆ ಹೊಡೆಯುತ್ತಾನೆ, ಹೋದ ವರ್ಷ ದೂರ ತಪ್ಪಿ ಒಂದು ಗಾಯವಾಗಿ ತಪ್ಪಿಸಿಕೊಂಡಿತು, ಇನ್ನೊಂದು ಹಾಗಾಗಬಾರದು ಎಂದು ಪ್ರಹ್ಲಾದ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹನ್ನೊಂದೂವರೆ ತಿಂಗಳಲ್ಲಿ ಈ ವಿಷಯದಲ್ಲಿ ಯಾರ ಮುಂದಾದರೂ ಆಡಿದ ಮೊದಲ ನಿಜ ಅದು. ಮುದುಕ ತಲೆಯಾಡಿಸಿದ. ತನಗೂ ಹಾಗೊಂದಾಗಿತ್ತು, ಮೂವತ್ತು ವರ್ಷವಾಯಿತು, ಈಗಲೂ ಮರೆತಿಲ್ಲ, ನಿನ್ನ ಹುಡುಗ ಒಳ್ಳೆಯವನು ಎಂದ. ಪ್ರಹ್ಲಾದನಿಗೆ ಕಣ್ಣು ತುಂಬಿ ಬಂತು, ಇನ್ನೊಮ್ಮೆ ಜಿಂಕೆ ನೋಡುವವನ ಹಾಗೆ ಯಂತ್ರವನ್ನು ಕಣ್ಣಿಗೆ ಒತ್ತಿಕೊಂಡ.

"ಏನ್ರೀ ಪ್ರಹ್ಲಾದ್, ನೀವು ಇಲ್ಲಿ?"

ಪಕ್ಕದ ಊರು ಪ್ರಾಸ್ಪರ್‌ನ ಡಾಕ್ಟರ್ ವೆಂಕಟಗಿರಿ. ರಿಟೈರ್ ಆದ ಹೃದಯದ ಡಾಕ್ಟರು, ಕನ್ನಡದವರ ಯಾವ ಕಾರ್ಯಕ್ರಮವಾದರೂ ಮುಂದಿನ ಸಾಲಿನಲ್ಲಿ ಕೂರುವವರು, ಹೋದ ವರ್ಷದ ತಿಥಿಗೆ ಬ್ರಾಹ್ಮಣಾರ್ಥಕ್ಕೆ ಕರೆದದ್ದೂ ಅವರನ್ನೇ. ಪಕ್ಕದಲ್ಲಿ ಅವರ ಹೆಂಡತಿ ಲೀಲಾವತಿ, ಕಂಕುಳಲ್ಲಿ ವಾಕಿಂಗ್ ಶೂಸಿನ ಡಬ್ಬ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದೂ ಯಾರೂ ಅನ್ನಲಿಲ್ಲ, ಪ್ರಹ್ಲಾದ ತಾನೇ ಮುಟ್ಟಿಕೊಂಡ.

"ಗಾಲ್ಫ್ ಶುರು ಮಾಡೋಣ ಅಂತ ಡಾಕ್ಟ್ರೇ," ಅಂದ.

ವೆಂಕಟಗಿರಿಯ ಮುಖ ಅರಳಿತು. "ಈಗ ಬಂದ್ರಿ ನೋಡಿ ದಾರಿಗೆ. ಎಷ್ಟು ವರ್ಷದಿಂದ ಬಡ್ಕೋತಿದೀನಿ ನಿಮಗೆ. ಆದ್ರೆ ಅಯ್ಯೋ ರಾಮ, ಅದ್ಯಾಕೆ ಹಿಡ್ಕೊಂಡಿದೀರಿ, ಅದು ಪ್ರಾಣಿ ಹೊಡೆಯೋ ಜನ ಇಟ್ಕೊಳ್ಳೋದು. ಇಡಿ ಕೆಳಗೆ." ಯಂತ್ರವನ್ನು ಪ್ರಹ್ಲಾದನ ಕೈಯಿಂದ ತಾವೇ ತೆಗೆದು, ಎಂಜಲಾದದ್ದನ್ನು ಇಡುವ ಹಾಗೆ ಎರಡು ಬೆರಳಿನಲ್ಲಿ ಗಾಜಿನ ಮೇಲಿಟ್ಟರು. ಪಕ್ಕದ ಕಪಾಟಿನಿಂದ ಬಿಳಿಯದೊಂದನ್ನು ಆರಿಸಿದರು. "ಇದು ಗಾಲ್ಫಿಗೆ ದೂರ ಅಳೆಯೋದು, ಗುಳಿ ಹತ್ರದ ಬಾವುಟ ಸಿಕ್ಕಿದ ತಕ್ಷಣ ಕೈಯಲ್ಲಿ ಝುಂ ಅನ್ನುತ್ತೆ. ಸೇಲ್‌ನಲ್ಲಿದೆ, ತೊಂಬತ್ತೊಂಬತ್ತು. ಕಣ್ಮುಚ್ಚಿ ತಗೊಳಿ."

"ಆಶ್ರಿತ್ ಹೇಗಿದಾನೆ?" ಎಂದು ಕೇಳಿದರು ಲೀಲಾವತಿ. "ಹೋದ ವರ್ಷ ಪಾಪ ನೆಗಡಿ ಅಂತ ಗರಾಜಲ್ಲಿ ಕೂತಿದ್ದ. ಆಮೇಲೆ ನೋಡೇ ಇಲ್ಲ ಅವನನ್ನ."

"ಚೆನ್ನಾಗಿದಾನೆ ಆಂಟಿ. ಕೆಲಸ ಜಾಸ್ತಿ."

ವೇಡ್‌ಗೆ ಭಾಷೆ ತಿಳಿಯದಿದ್ದರೂ ಬಿಳಿ ಡಬ್ಬ ಕಂಡು ಕಸಿವಿಸಿಯಾಗಿತ್ತು. ಅದು ಗಾಲ್ಫಿನದು, ಮೊದಲು ಸಿಕ್ಕಿದ್ದನ್ನೇ ಹಿಡಿಯುತ್ತದೆ, ಎಲೆ ಅಡ್ಡ ಬಂದರೆ ಎಲೆಯ ದೂರ ಹೇಳುತ್ತದೆ, ಮರದ ಮೇಲಿಂದಂತೂ ಆಗುವುದೇ ಇಲ್ಲ, ನಿನ್ನ ಮಗ… ಎಂದು ಮೆಲ್ಲಗೆ ಶುರುಮಾಡಿದ. "ಯಾವ ಮರ?" ಎಂದು ವೆಂಕಟಗಿರಿ ಇಂಗ್ಲಿಷಿನಲ್ಲಿ ಕೇಳಿ ಜೋರಾಗಿ ನಕ್ಕರು. ಪ್ರಹ್ಲಾದನೂ ನಕ್ಕ. ಇದೇ ಇರಲಿ, ಇದೇ ಬೇಕಾದದ್ದು ಎಂದು ಮುದುಕನ ಮುಖ ನೋಡದೆ ಹೇಳಿದ. ಮುದುಕ ಹಸಿರು ಯಂತ್ರವನ್ನು ಕಪಾಟಿಗಿಟ್ಟು ಬೀಗ ಹಾಕಿದ, ಶೀಟನ್ನು ಮಡಿಸಿ ವಾಪಸು ಕೊಟ್ಟ. ಡಾಕ್ಟರು ಕ್ಯಾಶ್ ಕೌಂಟರಿನವರೆಗೂ ಜೊತೆಗೆ ಬಂದರು, ಗಾಲ್ಫಿನಲ್ಲಿ ಸೊಂಟ ಹೇಗೆ ತಿರುಗಬೇಕೆಂದು ತಿರುಗಿ ತೋರಿಸಿದರು. "ಗುರುವಾರ ಹನ್ನೊಂದಕ್ಕೆ ಅಲ್ವಾ ನಿಮ್ಮ ತಂದೆ ತಿಥಿ? ಬಂದ್ಬಿಡ್ತೀನಿ," ಅಂದರು.

ಕಾರಿನಲ್ಲಿ ಕೂತು ಅವರು ಹೊರಡುವುದನ್ನೇ ಕಾದ. ಹೊರಟಮೇಲೆ ಒಳಗೆ ಹೋಗಿ ಬದಲಾಯಿಸಿದರಾಯಿತು, ಎರಡು ನಿಮಿಷದ ಕೆಲಸ. ಲೀಲಾವತಿ ಕಾರಿನ ಬಾಗಿಲಲ್ಲೇ ಹೊಸ ಶೂಸು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು. ಯಾವುದೋ ಫೋನು ಬಂದು ಡಾಕ್ಟರು ನಿಂತೇ ಮಾತಾಡಿದರು. ಹತ್ತು ಗಂಟೆಯಾಯಿತು. ಟೇಲರ್‌ಗೆ ಎರಡೂಮುಕ್ಕಾಲು ಗಂಟೆಯ ದಾರಿ, ಆಶ್ರಿತ್‌ಗೆ ಊಟದ ಬ್ರೇಕು ಒಂದಕ್ಕೆ, ಅರ್ಧವೇ ಗಂಟೆ, ಇವತ್ತಿನ ಆ ಭೇಟಿಯನ್ನೂ ಅನಸೂಯ ಕೇಳಿ ಗೊತ್ತು ಮಾಡಿಕೊಟ್ಟಿದ್ದಳು. ಹೊತ್ತಾಯಿತೆಂದು ಕಾರು ಸ್ಟಾರ್ಟ್ ಮಾಡಿದ. ಹೊತ್ತಿನ ಮಾತು ನೆಪ. ಹತ್ತು ನಿಮಿಷ ಉಳಿದೇ ಇತ್ತು. ಆ ಬಿಳಿಗಡ್ಡದವನ ಎದುರು ಎರಡನೆಯ ಸಲ ನಿಲ್ಲಲು ಅವನಿಗೆ ಮುಖವಿರಲಿಲ್ಲ.

ಡಲ್ಲಾಸ್ ದಾಟಿದ ಮೇಲೆ ಮನಸ್ಸು ತನ್ನ ಹಳೆಯ ಚಾಳಿಗೆ ಬಿತ್ತು. ದೂರ ಅಂದರೆ ದೂರ ತಾನೆ, ಬಾವುಟವಾದರೇನು, ಜಿಂಕೆಯಾದರೇನು. ಲೇಸರ್ ಎಲ್ಲದರಲ್ಲೂ ಒಂದೇ. ವೇಕೋ ಬರುವ ಹೊತ್ತಿಗೆ ಆ ವಾದ ಬಿದ್ದುಹೋಯಿತು, ಅದನ್ನು ಬೀಳಿಸುವ ಕಾಲಮ್ಮು ಅವನದೇ ಶೀಟಿನಲ್ಲಿತ್ತು. ಮಗ ಇದನ್ನು ನಂಬಿ ಮರದ ಮೇಲೆ ಕೂತರೆ, ಒಂದು ಎಲೆಯ ದೂರವನ್ನು ಜಿಂಕೆಯ ದೂರವೆಂದುಕೊಂಡರೆ, ಇನ್ನೊಂದು ಪ್ರಾಣಿ ಹೊಟ್ಟೆಯಲ್ಲಿ ಬಾಣವಿಟ್ಟುಕೊಂಡು ಪೊದೆಯೊಳಗೆ ಮಲಗುತ್ತದೆ. ಅದಕ್ಕೆ ಯಾರು ಕಟುಕ. ಕೊಡಲೇಬಾರದು, ಬರಿಗೈಯಲ್ಲೇ ಹೋಗಬೇಕು. ಬರಿಗೈಯಲ್ಲಿ ಹೋಗಿ ಏನು ಹೇಳುವುದು. ತಪ್ಪಾಯಿತು ಕಣೋ ಎಂಬ ಎರಡು ಮಾತು ಸ್ಟಿಯರಿಂಗಿನ ಮುಂದೆ ಸಲೀಸಾಗಿ ಬರುತ್ತಿತ್ತು, ಗಟ್ಟಿಯಾಗಿ ನಾಲ್ಕು ಸಲ ಹೇಳಿ ನೋಡಿದ. ತನ್ನ ಅಪ್ಪ ತನಗೆ ಯಾವತ್ತೂ ಹಾಗಂದಿರಲಿಲ್ಲ. ಆದರೆ ಮೊಮ್ಮಗನಿಗೆ ಅನ್ನುತ್ತಿದ್ದರು, ಚೆಸ್ಸಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಾಗಲೆಲ್ಲ ಕೆನ್ನೆ ತಟ್ಟಿಕೊಂಡು, ತಪ್ಪಾಯ್ತು ಸ್ವಾಮಿ ಅನ್ನುತ್ತಿದ್ದರು, ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ಅಷ್ಟು ಹಗುರವಾದದ್ದು ತನ್ನ ಬಾಯಲ್ಲಿ ಯಾಕೆ ಇಷ್ಟು ಭಾರವಾಗಬೇಕು. ಟೆಂಪಲ್ ಎಂಬ ಊರಿನ ಬಳಿ ರಸ್ತೆ ಕೆಲಸ ನಡೆದಿತ್ತು, ಎಲ್ಲ ಕಾರೂ ನಿಧಾನವಾದವು.

ಫ್ಯಾಕ್ಟರಿಯೆದುರಿನ ಪಾರ್ಕಿಂಗಿನಲ್ಲಿ ಸಣ್ಣ ರೊಟ್ಟಿಯಲ್ಲಿ ಪಲ್ಯ ಮಡಿಸಿ ಟ್ಯಾಕೋ ಮಾರುವ ಗಾಡಿ, ಅದರ ಪಕ್ಕ ಬೆಂಚು. ಆಶ್ರಿತ್ ಮೊದಲೇ ಬಂದು ಕೂತಿದ್ದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. "ಹಾಯ್ ಅಪ್ಪ," ಅಂದ. ಅಪ್ಪನಿಗೆಂದು ಬರಿ ಬೀನ್ಸ್ ಕಾಳು ಮತ್ತು ಆಲೂಗಡ್ಡೆಯ ಎರಡು ಟ್ಯಾಕೋ ತೆಗೆಸಿಟ್ಟಿದ್ದ. ಮಾಂಸ ಬೇಯಿಸುವ ಕಾವಲಿಯ ಮೇಲೆ ಕಾಯಿಸಬೇಡಿ, ಬೇರೆ ಬಾಣಲೆಯಲ್ಲಿ ಮಾಡಿ ಎಂದು ಹೇಳಿ ಮಾಡಿಸಿದ್ದಾಗಿ ಇಂಗ್ಲಿಷಿನಲ್ಲಿ ತಿಳಿಸಿದ. ಕೊಡಬಾರದೆಂದು ವೇಕೋದಲ್ಲಿ ತೀರ್ಮಾನಿಸಿದ್ದ ಚೀಲವನ್ನು ಪ್ರಹ್ಲಾದ ಆ ಮಾತು ಕೇಳುತ್ತಲೇ ಮುಂದಕ್ಕೆ ತಳ್ಳಿದ.

ಚೀಲದೊಳಗೆ ನೋಡಿದ ಹುಡುಗನ ಮುಖದಲ್ಲಿ ಒಂದು ಕ್ಷಣ ಎಂಥ ಬೆಳಕು ಬಂತೆಂದರೆ, ಆ ಕ್ಷಣದಲ್ಲೇ ಎದ್ದು ಹೋಗಿದ್ದರೂ ಪ್ರಹ್ಲಾದನ ಜನ್ಮ ಸಾರ್ಥಕವಾಗುತ್ತಿತ್ತು. "ರೇಂಜ್‌ಫೈಂಡರ್," ಎಂದು ಓದಿ, ಈ ಪದ ಗೊತ್ತಾ ನಿಮಗೆ ಎನ್ನುವವನ ಹಾಗೆ ಅಪ್ಪನನ್ನು ನೋಡಿದ. ಡಬ್ಬ ತಿರುಗಿಸಿದ, ಪಕ್ಕದ ಸಣ್ಣಕ್ಷರ ಓದಿದ. ಬೆಳಕು ಆರಿತು. "ದಿಸ್ ಈಸ್ ಫಾರ್ ಗಾಲ್ಫ್, ಅಪ್ಪ," ಅಂದ. ಪರವಾಗಿಲ್ಲ, ಬಹಳ ಜನ ಹೀಗೇ ತಪ್ಪು ಮಾಡುತ್ತಾರೆ, ಎರಡೂ ನೋಡಲು ಒಂದೇ ಥರ ಇರುತ್ತವೆ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಅವನು ತಾನಾಗಿಯೇ ಅಪ್ಪನಿಗೆ ದಾರಿ ಬಿಟ್ಟುಕೊಟ್ಟಿದ್ದ. ಒಂದೇ ಒಂದು ನಿಜವನ್ನಾದರೂ ಹೇಳಬೇಕೆಂದು ಪ್ರಹ್ಲಾದನಿಗೆ ಅನ್ನಿಸಿತು.

"ನನಗೆ ಗೊತ್ತಿತ್ತು ಕಣೋ. ಸರಿಯಾದ್ದೇ ಕೈಯಲ್ಲಿತ್ತು. ಅಷ್ಟೊತ್ತಿಗೆ ವೆಂಕಟಗಿರಿ ಡಾಕ್ಟ್ರು ಬಂದ್ಬಿಟ್ರು."

ಆಶ್ರಿತ್ ಸ್ವಲ್ಪ ಹೊತ್ತು ಡಬ್ಬವನ್ನೇ ನೋಡಿದ. "ಓ," ಅಂದ. ಆ ಒಂದಕ್ಷರದಲ್ಲಿ ಸಿಟ್ಟಿದ್ದರೆ ಪ್ರಹ್ಲಾದ ಬದುಕಿಕೊಳ್ಳುತ್ತಿದ್ದ. ಇದ್ದದ್ದು ಬರಿಯ ತಿಳಿವಳಿಕೆ. ಡಬ್ಬವನ್ನು ಒಂದು ಮೂಲೆಯೂ ಸೊಟ್ಟಗಾಗದ ಹಾಗೆ ಚೀಲದೊಳಗಿಟ್ಟ.

"ಆ ಜಿಂಕೆ ವಿಷಯ ಅಮ್ಮ ಹೇಳಿದ್ಲು," ಅಂದ ಪ್ರಹ್ಲಾದ. "ಅವತ್ತು ನೀನು ಹೇಳೋಕ್ಕೆ ಬಂದಿದ್ದು."

ಆಶ್ರಿತ್ ತಲೆಯಾಡಿಸಿದ. ಆ ಜಾಗಕ್ಕೆ ಹೋದಾಗಲೆಲ್ಲ ಈಗಲೂ ಪೊದೆಗಳಲ್ಲಿ ಹುಡುಕುತ್ತೇನೆ, ಮೂಳೆಯಾದರೂ ಸಿಕ್ಕೀತೆಂದು ಅಂದ. ತಪ್ಪಾಯಿತು ಎನ್ನಲು ಇದಕ್ಕಿಂತ ಒಳ್ಳೆಯ ಜಾಗ ಇನ್ನು ಸಿಗುವುದಿಲ್ಲವೆಂದು ಪ್ರಹ್ಲಾದನಿಗೆ ಗೊತ್ತಿತ್ತು. ಕಾರಿನಲ್ಲಿ ನಾಲ್ಕು ಸಲ ಬಂದ ಮಾತು ಈಗ ಹಲ್ಲಿನ ಹಿಂದೆಯೇ ಕೂತಿತು. ಅದರ ಬದಲು, "ಗುರುವಾರ ತಾತನ ತಿಥಿ. ಬರ್ತೀಯಾ?" ಅಂದ.

ಹುಡುಗ ಫ್ಯಾಕ್ಟರಿಯ ಕಡೆ ನೋಡಿದ, ಕೈ ನೋಡಿಕೊಂಡ. ಅಪ್ಪನ ಎದುರು ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ, ತಾತನ ಹತ್ತಿರ ಆಡುತ್ತಿದ್ದ ಮೈಸೂರಿನ ಕನ್ನಡದಲ್ಲಿ ಕೇಳಿದ.

"ಬಂದ್ರೆ ಎಲ್ಲಿ ಕೂತ್ಕೊಳ್ಳಲಿ ಅಪ್ಪ?"

ಒಳಗೆ, ನನ್ನ ಪಕ್ಕ. ಮೂರು ಮಾತು. ಪ್ರಹ್ಲಾದ ಬಾಯಿ ತೆರೆದ. ಹಾಲ್‌ನಲ್ಲಿ ಎಲೆಯ ಮುಂದೆ ಕೂತ ವೆಂಕಟಗಿರಿ ಕಂಡರು, ಎರಡು ಬೆರಳಿನಲ್ಲಿ ಯಂತ್ರ ಎತ್ತಿಟ್ಟ ರೀತಿ ಕಂಡಿತು. ತಿಥಿ ಗುರುವಾರ, ಬಿಲ್ಲಿನ ಬೇಟೆಯ ಸೀಸನ್ ಶುರುವಾಗುವುದು ಶನಿವಾರ, ನಡುವೆ ಒಂದೇ ದಿನ ಎಂಬ ಲೆಕ್ಕ ಯಾರೂ ಕೇಳದೆಯೇ ತಲೆಯೊಳಗೆ ಓಡಿತು.

"ಶಾಸ್ತ್ರಿಗಳನ್ನ ಒಂದ್ ಮಾತು ಕೇಳಿ ಹೇಳ್ತೀನಿ," ಅಂದ.

ಅಂದದ್ದು ತಾನೇ ಎಂದು ನಂಬಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆಶ್ರಿತ್ ಮಾತ್ರ ಹೀಗೇ ಆಗುತ್ತದೆಂದು ತಿಳಿದಿದ್ದವನ ಹಾಗೆ ಮೆಲ್ಲಗೆ, "ಓಕೆ ಅಪ್ಪ," ಎಂದ. ಚೀಲದೊಳಗೆ ರಸೀದಿ ಇದೆಯೇ ನೋಡಿ, ಮೂವತ್ತು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತಾರೆ, ಓಪನ್ ಮಾಡಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಅಪ್ಪನ ಕೈಗೇ ಕೊಟ್ಟ. ಟ್ಯಾಕೋ ಆರಿಹೋಗುತ್ತೆ, ತಿನ್ನಿ ಎಂದ. ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಹೋದ.

ಪ್ರಹ್ಲಾದ ಟ್ಯಾಕೋ ತಿಂದ. ಎರಡನ್ನೂ ತಿಂದ, ಅಷ್ಟಾದರೂ ಮಾಡಬೇಕೆಂದು. ಕಾರಿನಲ್ಲಿ ಕೂತಾಗ ಅನಸೂಯಳ ಫೋನು ಬಂತು. ಮೊದಲ ರಿಂಗಿಗೇ ಎತ್ತದಿದ್ದರೆ ಅನುಮಾನ ಪಟ್ಟಾಳೆಂದು ಎತ್ತಿದ.

"ಏನಂದ? ಬರ್ತಾನಂತಾ?"

"ಅವತ್ತು ಶಿಫ್ಟ್ ಇದ್ಯಂತೆ ಕಣೇ. ಆಗೋಲ್ಲ ಅಂದ."

ಆ ಕಡೆ ನಲ್ಲಿಯ ನೀರು ಬೀಳುತ್ತಿತ್ತು. ನಲ್ಲಿ ನಿಂತಿತು.

"ಶಿಫ್ಟ್ ಇದೆ ಅಂತ ಅವನೇ ಅಂದ್ನಾ?"

"ಹೂಂ."

"ಗುರುವಾರಕ್ಕೆ ರಜಾ ಹಾಕಿದಾನೆ ಕಣ್ರೀ," ಅಂದಳು ಅನಸೂಯ. "ತಾತನ ಪಂಚೆ ತೆಗೆದಿಡಮ್ಮ ಅಂತ ನಿನ್ನೆನೇ ಹೇಳಿದ. ಅಪ್ಪಂಗೆ ಹೇಳ್ಬೇಡ, ಅವರೇ ಕರೀಲಿ ಅಂದಿದ್ದ."